ಗೆದ್ದೂ ಉಳಿಯದ ತಂಡ: ಟೊಲೆಡೊ ಟ್ರೂಪರ್ಸ್ ಮುಚ್ಚಿದ್ದೇಕೆ?

ಒಂಬತ್ತು ಸೀಸನ್, 61 ಗೆಲುವು, 4 ಸೋಲು. ಅಮೆರಿಕದ ಓಹಾಯೊ ರಾಜ್ಯದ ಟೊಲೆಡೊ ಟ್ರೂಪರ್ಸ್ ಎಂಬ ಮಹಿಳಾ ಫುಟ್‌ಬಾಲ್ ತಂಡದ ಲೆಕ್ಕ ಇದು. ಇಲ್ಲಿ ಫುಟ್‌ಬಾಲ್ ಎಂದರೆ ನಮ್ಮ ಮೈದಾನಗಳಲ್ಲಿ ಕಾಲಿನಿಂದ ಒದ್ದು ಆಡುವ ಆಟವಲ್ಲ. ತಲೆಗೆ ಹೆಲ್ಮೆಟ್ ಹಾಕಿ, ಭುಜಕ್ಕೆ ಪ್ಯಾಡ್ ಕಟ್ಟಿ, ಮೊಟ್ಟೆಯಾಕಾರದ ಚೆಂಡನ್ನು ಎದೆಗೆ ಅವಚಿಕೊಂಡು, ಮೈಮೇಲೆ ಬೀಳುವ ಎದುರಾಳಿಗಳನ್ನು ದಾಟಿ ಓಡುವ ಅಮೆರಿಕನ್ ಫುಟ್‌ಬಾಲ್. 1971ರಲ್ಲಿ ಹುಟ್ಟಿದ ಈ ತಂಡ 1979ರಲ್ಲಿ ಮುಚ್ಚಿತು. ನಾಲ್ಕು ವರ್ಷದ ಮೇಲೆ, 1983ರಲ್ಲಿ, ಅದೇ ರಾಜ್ಯದ ಕ್ಯಾಂಟನ್ ಊರಿನಲ್ಲಿರುವ, ಆಟದ ಮಹನೀಯರನ್ನು ಗೌರವಿಸುವ ಪ್ರೊ ಫುಟ್‌ಬಾಲ್ ಹಾಲ್ ಆಫ್ ಫೇಮ್ ಸಂಸ್ಥೆ, ವೃತ್ತಿಪರ ಫುಟ್‌ಬಾಲ್‌ನ ಇತಿಹಾಸದಲ್ಲೇ ಗೆಲುವಿನ ಪ್ರಮಾಣದಲ್ಲಿ ಎಲ್ಲರಿಗಿಂತ ಮುಂದಿರುವ ತಂಡವೆಂದು ಟ್ರೂಪರ್ಸ್ ಅನ್ನು ಗುರುತಿಸಿತು. ಗಂಡಸರ ತಂಡಗಳನ್ನೂ ಸೇರಿಸಿಯೇ.

ಇಷ್ಟು ಗೆದ್ದ ತಂಡ ಯಾಕೆ ಉಳಿಯಲಿಲ್ಲ ಎಂಬ ಪ್ರಶ್ನೆ ಈಗ ಮತ್ತೆ ಎದ್ದಿರುವುದಕ್ಕೆ ಕಾರಣವಿದೆ. 2023ರ ಅಕ್ಟೋಬರ್‌ನಲ್ಲಿ ಮುಂಬೈಯಲ್ಲಿ ನಡೆದ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧಿವೇಶನ ನಮಗೆಲ್ಲ ನೆನಪಿರುವುದು ಕ್ರಿಕೆಟ್ಟಿನಿಂದಾಗಿ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಟಿ20 ಕ್ರಿಕೆಟ್ ಸೇರಿದ್ದು ಅಲ್ಲಿಯೇ. ಅದೇ ನಿರ್ಣಯದಲ್ಲಿ ಫ್ಲ್ಯಾಗ್ ಫುಟ್‌ಬಾಲ್ ಕೂಡ ಸೇರಿತು, ಪುರುಷರಿಗೂ ಮಹಿಳೆಯರಿಗೂ. ಅಮೆರಿಕನ್ ಫುಟ್‌ಬಾಲ್‌ನ ಈ ರೂಪದಲ್ಲಿ ಯಾರೂ ಯಾರನ್ನೂ ಕೆಡವುವಂತಿಲ್ಲ. ಓಡುವವರ ಸೊಂಟದ ಪಟ್ಟಿಗೆ ಸಿಕ್ಕಿಸಿದ ಬಟ್ಟೆಯ ಪಟ್ಟಿಯನ್ನು ಎಳೆದುಕೊಂಡರೆ ಓಟ ಅಲ್ಲಿಗೆ ಮುಗಿಯಿತು. ಹೆಣ್ಣುಮಕ್ಕಳ ಫ್ಲ್ಯಾಗ್ ಫುಟ್‌ಬಾಲ್‌ಗೆ ಈಗ ಶಾಲೆಗಳು, ಕಾಲೇಜುಗಳು, ಗಂಡಸರ ಶ್ರೀಮಂತ ಲೀಗ್ ಎನ್‌ಎಫ್‌ಎಲ್ ಎಲ್ಲವೂ ಬೆನ್ನಿಗೆ ನಿಂತಿವೆ. ಹೆಣ್ಣುಮಕ್ಕಳಿಗೆ ಫುಟ್‌ಬಾಲ್ ಈಗಷ್ಟೇ ಸಿಕ್ಕಿತು ಎಂಬ ಧಾಟಿಯಲ್ಲಿ ಸುದ್ದಿಗಳು ಬರುತ್ತಿವೆ. ಈ ಧಾಟಿ ಸರಿಯಲ್ಲ. ಐವತ್ತು ವರ್ಷದ ಹಿಂದೆಯೇ ಪೂರ್ತಿ ಆಟವನ್ನು, ಮೈಗೆ ಮೈ ಬಡಿಯುವ ಆಟವನ್ನು, ಅವರು ಆಡಿ ತೋರಿಸಿದ್ದರು.

ಶುರುವಾದದ್ದು ಮಾತ್ರ ಒಂದು ಮೋಜಿನ ಪ್ರದರ್ಶನವಾಗಿ. ಓಹಾಯೊದ ಕ್ಲೀವ್‌ಲ್ಯಾಂಡ್‌ನಲ್ಲಿ ಸಿಡ್ ಫ್ರೀಡ್‌ಮನ್ ಎಂಬ ಮನರಂಜನಾ ಏಜೆಂಟ್ ಇದ್ದರು. ಕಲಾವಿದರಿಗೆ ಕಾರ್ಯಕ್ರಮ ಹೊಂದಿಸಿಕೊಡುವುದು ಅವರ ಕೆಲಸ. 1965ರ ಸುಮಾರಿಗೆ ಅವರಿಗೆ ಹೆಂಗಸರ ಫುಟ್‌ಬಾಲ್ ತಂಡ ಕಟ್ಟಿ ಊರೂರು ಸುತ್ತಿಸಿ ಟಿಕೆಟ್ ಮಾರುವ ಯೋಚನೆ ಬಂತು. ಹೆಂಗಸರು ಹೆಲ್ಮೆಟ್ ಹಾಕಿಕೊಂಡು ಡಿಕ್ಕಿ ಹೊಡೆಯುವುದನ್ನು ಜನ ತಮಾಷೆಗಾದರೂ ನೋಡಲು ಬರುತ್ತಾರೆ ಎಂಬ ಲೆಕ್ಕಾಚಾರ. ಅಷ್ಟರಮಟ್ಟಿಗೆ ಹಳೆಯ ಲೆಕ್ಕಾಚಾರವೇ ಅದು. 1926ರಲ್ಲಿ ಫ್ರಾಂಕ್‌ಫರ್ಡ್ ಯೆಲ್ಲೋ ಜಾಕೆಟ್ಸ್ ಎಂಬ ಗಂಡಸರ ತಂಡ ತನ್ನ ಪಂದ್ಯದ ವಿರಾಮದಲ್ಲಿ ಹೆಂಗಸರ ತಂಡವೊಂದನ್ನು ಮೈದಾನಕ್ಕೆ ಇಳಿಸಿತ್ತು.

ಫ್ರೀಡ್‌ಮನ್ ಅವರ ಎಣಿಕೆ ತಪ್ಪಿದ್ದು ಆಟಗಾರ್ತಿಯರ ವಿಷಯದಲ್ಲಿ. ಆಯ್ಕೆಗೆ ಬಂದ ಹೆಂಗಸರು ತಮಾಷೆಗೆ ಬಂದವರಾಗಿರಲಿಲ್ಲ. ಅಣ್ಣತಮ್ಮಂದಿರ ಜತೆ ಬೀದಿಯಲ್ಲಿ ಆಡಿ ಬೆಳೆದವರು, ಶಾಲೆಗೆ ಹೋದಮೇಲೆ "ಇದು ಹುಡುಗರ ಆಟ" ಅಂತ ಹೇಳಿಸಿಕೊಂಡು ಹೊರಗೆ ನಿಂತವರು. ಅವರಿಗೆ ಬೇಕಾಗಿದ್ದದ್ದು ಆಟ. 1971ರಲ್ಲಿ ಫ್ರೀಡ್‌ಮನ್ ಟೊಲೆಡೊದಲ್ಲಿ ತಂಡ ಕಟ್ಟಿದಾಗ ಅದರ ತರಬೇತುದಾರರಾಗಿ ಬಂದವರು ಬಿಲ್ ಸ್ಟೌಟ್. ಸ್ಟೌಟ್ ಅವರಿಗೂ ಪ್ರದರ್ಶನದಲ್ಲಿ ಆಸಕ್ತಿ ಇರಲಿಲ್ಲ. ಗಂಡಸರಿಗೆ ಹೇಳಿಕೊಡುವ ಅದೇ ಪಾಠ, ಅದೇ ಕಸರತ್ತು, ಅದೇ ಶಿಸ್ತು. ಹೇಗೆ ನಿಲ್ಲಬೇಕು, ತಲೆ ಎಲ್ಲಿರಬೇಕು, ಎದುರಾಳಿಯ ಯಾವ ಕಡೆಗೆ ಭುಜ ಕೊಡಬೇಕು ಎಂಬಲ್ಲಿಂದ ಶುರು. ಕೆಲವೇ ಸಮಯದಲ್ಲಿ ಟ್ರೂಪರ್ಸ್ ಫ್ರೀಡ್‌ಮನ್ ಅವರಿಂದ ಬೇರೆಯಾಗಿ ಸ್ವಂತ ಕಾಲಿನ ಮೇಲೆ ನಿಂತಿತು. ಈ ತಂಡದ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವ ತಿರುವು ಇದೇ. ಇವರನ್ನು ನೋಡಿ ನಗಲಿ ಎಂದು ಕಟ್ಟಿದ ತಂಡ, ನಗುವವರ ಬಾಯಿ ಮುಚ್ಚಿಸುವ ತಂಡವಾಯಿತು.

ಟೊಲೆಡೊ ಎಂಥ ಊರು ಎಂಬುದನ್ನೂ ಹೇಳಬೇಕು. ಈರಿ ಸರೋವರದ ಪಶ್ಚಿಮ ತುದಿಯ ಕಾರ್ಖಾನೆಗಳ ಊರು. ಗಾಜಿನ ಉದ್ಯಮದಿಂದಾಗಿ ಅದಕ್ಕೆ ಗಾಜಿನ ನಗರ ಎಂಬ ಹೆಸರೇ ಇದೆ. ಜೀಪ್ ತಯಾರಾಗುತ್ತಿದ್ದದ್ದೂ ಅಲ್ಲಿಯೇ. ಹಗಲು ದುಡಿದು ಸಂಜೆ ಮೈದಾನಕ್ಕೆ ಬರುವ ಹೆಂಗಸರು ಸಿಗುವಂಥ ಊರು. ಜತೆಗೆ ಓಹಾಯೊದಲ್ಲಿ ಫುಟ್‌ಬಾಲ್ ಹೊಸದಾಗಿ ಪರಿಚಯಿಸಬೇಕಾದ ಆಟವಲ್ಲ. ಎನ್‌ಎಫ್‌ಎಲ್ ಹುಟ್ಟಿದ್ದೇ 1920ರಲ್ಲಿ ಕ್ಯಾಂಟನ್‌ನ ಒಂದು ಕಾರ್ ಶೋರೂಮಿನಲ್ಲಿ.

ಇನ್ನು ಲಿಂಡಾ ಜೆಫರ್ಸನ್. ತಂಡದ ಹಾಫ್‌ಬ್ಯಾಕ್, ಅಂದರೆ ಚೆಂಡು ಹಿಡಿದು ಓಡುವ ಕೆಲಸದವರು. ಟೊಲೆಡೊದವರೇ ಆದ ಈ ಕಪ್ಪು ಯುವತಿ ಸತತ ಐದು ಸೀಸನ್‌ಗಳಲ್ಲಿ ಸಾವಿರ ಯಾರ್ಡ್‌ಗಿಂತ ಹೆಚ್ಚು ಓಡಿದರು. ಚೆಂಡು ಕೈಗೆ ಬಂದ ಪ್ರತಿ ಸಲ ಅವರು ಓಡಿದ ಸರಾಸರಿ ದೂರ 14.4 ಯಾರ್ಡ್ ಎಂದು ದಾಖಲಾಗಿದೆ. ಈ ಅಂಕಿಯ ತೂಕ ತಿಳಿಯಬೇಕಾದರೆ ಆಟದ ನಿಯಮ ಸ್ವಲ್ಪ ಗೊತ್ತಿರಬೇಕು. ಚೆಂಡು ಹಿಡಿದ ತಂಡಕ್ಕೆ ನಾಲ್ಕು ಅವಕಾಶ ಇರುತ್ತದೆ, ಅಷ್ಟರೊಳಗೆ ಹತ್ತು ಯಾರ್ಡ್ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಅವಕಾಶ, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಹಾಗಾಗಿ ಒಂದು ಓಟದಲ್ಲಿ ನಾಲ್ಕೈದು ಯಾರ್ಡ್ ಸಿಕ್ಕಿದರೆ ಅದು ಒಳ್ಳೆಯ ಓಟ. ಗಂಡಸರ ಆಟದ ಮಹಾ ಓಟಗಾರ ಜಿಮ್ ಬ್ರೌನ್ ಅವರ ಜೀವಮಾನದ ಸರಾಸರಿ 5.2. ಜೆಫರ್ಸನ್ ಕೈಗೆ ಒಂದು ಸಲ ಚೆಂಡು ಕೊಟ್ಟರೆ, ನಾಲ್ಕು ಅವಕಾಶದಲ್ಲಿ ಆಗಬೇಕಾದ ಕೆಲಸ ಸರಾಸರಿಯಲ್ಲಿ ಒಂದೇ ಓಟಕ್ಕೆ ಮುಗಿದು ಮೇಲೆ ನಾಲ್ಕು ಯಾರ್ಡ್ ಉಳಿಯುತ್ತಿತ್ತು. ಎದುರಾಳಿಗಳ ಮಟ್ಟ ಬೇರೆ, ಎರಡನ್ನೂ ನೇರ ಹೋಲಿಸುವುದು ನ್ಯಾಯವಲ್ಲ, ಒಪ್ಪಿದೆ. ಆದರೆ ಒಬ್ಬ ಆಟಗಾರ್ತಿ ತನ್ನ ಕಾಲದ ಆಟಕ್ಕಿಂತ ಎಷ್ಟು ಮುಂದಿದ್ದರು ಎಂಬುದನ್ನು ಈ ಅಂಕಿ ಹೇಳುತ್ತದೆ. 1975ರಲ್ಲಿ, ಟೆನಿಸ್ ತಾರೆ ಬಿಲ್ಲಿ ಜೀನ್ ಕಿಂಗ್ ಸ್ಥಾಪಿಸಿದ್ದ ವಿಮೆನ್‌ಸ್ಪೋರ್ಟ್ಸ್ ಪತ್ರಿಕೆ ಅವರನ್ನು ವರ್ಷದ ಕ್ರೀಡಾಪಟು ಎಂದು ಆರಿಸಿತು.

1974ರಲ್ಲಿ ನ್ಯಾಷನಲ್ ವಿಮೆನ್ಸ್ ಫುಟ್‌ಬಾಲ್ ಲೀಗ್ ಹುಟ್ಟಿತು. ಟೊಲೆಡೊ ಜತೆ ಡೆಟ್ರಾಯ್ಟ್, ಕೊಲಂಬಸ್, ಡಲ್ಲಾಸ್, ಫೋರ್ಟ್‌ವರ್ತ್, ಲಾಸ್ ಏಂಜಲೀಸ್ ಮುಂತಾದ ಊರುಗಳ ತಂಡಗಳು. ಎರಡು ವರ್ಷದಲ್ಲಿ ತಂಡಗಳ ಸಂಖ್ಯೆ ಹತ್ತನ್ನು ದಾಟಿತು. ಹ್ಯೂಸ್ಟನ್‌ನ ಹೆರಿಕೇನ್ಸ್ ತಂಡ ಆಸ್ಟ್ರೋಡೋಮ್‌ನಂಥ ಬೃಹತ್ ಒಳಾಂಗಣ ಕ್ರೀಡಾಂಗಣದಲ್ಲೂ ಆಡಿತು. ಕಾಗದದ ಮೇಲೆ ಇದು ದೇಶವ್ಯಾಪಿ ಲೀಗ್.

ಕಾಗದದ ಆಚೆಗೆ ಲೆಕ್ಕ ಹಾಕಿ ನೋಡೋಣ. ಆಟಗಾರ್ತಿಯರಿಗೆ ಒಂದು ಪಂದ್ಯಕ್ಕೆ ಗೊತ್ತಾಗಿದ್ದ ಸಂಭಾವನೆ 25 ಡಾಲರ್. 1976ರಲ್ಲಿ ಅಮೆರಿಕದ ಕನಿಷ್ಠ ಕೂಲಿ ಗಂಟೆಗೆ 2.30 ಡಾಲರ್ ಇತ್ತು. ಅಂದರೆ ಒಂದು ಪಂದ್ಯದ ದುಡ್ಡು ಹನ್ನೊಂದು ಗಂಟೆಯ ಕೂಲಿಗೆ ಸಮ. ವಾರದ ಸಂಜೆಗಳ ಅಭ್ಯಾಸ, ಬೇರೆ ಊರಿಗೆ ಬಸ್ ಪ್ರಯಾಣ, ಮುರಿದ ಬೆರಳು, ಉಳುಕಿದ ಮೊಣಕಾಲು, ಮರುದಿನ ಕೆಲಸಕ್ಕೆ ಹಾಕಬೇಕಾದ ರಜೆ, ಎಲ್ಲವೂ ಅದರಲ್ಲೇ. ಗಂಡಸರ ಮೈಗೆ ಮಾಡಿದ ಶೋಲ್ಡರ್ ಪ್ಯಾಡುಗಳನ್ನೇ ತಮ್ಮ ಮೈಗೆ ಹೊಂದಿಸಿಕೊಂಡು ಆಡಬೇಕಿತ್ತು. ಲೀಗಿಗೆ ಒಟ್ಟಾರೆ ಟಿವಿ ಒಪ್ಪಂದ ಇರಲಿಲ್ಲ, ಹಾಗಾಗಿ ಆದಾಯ ಎಂದರೆ ಗೇಟಿನಲ್ಲಿ ಮಾರಿದ ಟಿಕೆಟ್ ಮತ್ತು ಊರಿನ ಅಂಗಡಿ ಮುಂಗಟ್ಟುಗಳ ಸಣ್ಣಪುಟ್ಟ ಪ್ರಾಯೋಜನೆ. ಟೊಲೆಡೊದಿಂದ, ಲೀಗಿನ ಇನ್ನೊಂದು ತಂಡವಿದ್ದ ಓಕ್ಲಹಾಮಾ ಸಿಟಿಗೆ ರಸ್ತೆಯಲ್ಲಿ 1,500 ಕಿಲೋಮೀಟರಿಗೂ ಹೆಚ್ಚು ದೂರ. ಒಂದು ದೂರದ ಪ್ರವಾಸಕ್ಕೆ ಹಲವು ಪಂದ್ಯಗಳ ಗೇಟಿನ ದುಡ್ಡು ಕರಗಿಹೋಗುತ್ತಿತ್ತು. ಆದ್ದರಿಂದ ತಂಡಗಳು ಹೆಚ್ಚಾಗಿ ಹತ್ತಿರದವರ ಜತೆಗೇ ಮತ್ತೆ ಮತ್ತೆ ಆಡಿದವು.

ಇಲ್ಲಿಯೇ ಟ್ರೂಪರ್ಸ್‌ಗೆ ಅದರ ಗೆಲುವೇ ಮುಳುವಾಯಿತು. ಎನ್‌ಎಫ್‌ಎಲ್‌ನಲ್ಲಿ 1936ರಿಂದ ಡ್ರಾಫ್ಟ್ ಎಂಬ ವ್ಯವಸ್ಥೆ ಇದೆ. ಹಿಂದಿನ ವರ್ಷ ಕೊನೆಯ ಸ್ಥಾನ ಪಡೆದ ತಂಡಕ್ಕೆ ಮುಂದಿನ ವರ್ಷ ಹೊಸ ಆಟಗಾರರನ್ನು ಮೊದಲು ಆರಿಸುವ ಹಕ್ಕು. ಬಲಹೀನ ತಂಡ ಬಲವಾಗುತ್ತದೆ, ಪಂದ್ಯಗಳು ಬಿಗಿಯಾಗುತ್ತವೆ, ಜನ ಬರುತ್ತಾರೆ. ಮಹಿಳಾ ಲೀಗಿನಲ್ಲಿ ಇದು ಸಾಧ್ಯವೇ ಇರಲಿಲ್ಲ. 25 ಡಾಲರಿಗೆ ಯಾರು ಊರು ಬಿಟ್ಟು ಊರಿಗೆ ಹೋಗಿ ನೆಲೆಸುತ್ತಾರೆ? ಕೆಲಸ ಎಲ್ಲಿದೆಯೋ ಅಲ್ಲಿಯ ತಂಡಕ್ಕೇ ಆಡಬೇಕು. ಸ್ಟೌಟ್ ಅವರ ತರಬೇತಿ ಮತ್ತು ಜೆಫರ್ಸನ್ ಅವರ ಓಟ ಎರಡೂ ಒಂದೇ ಊರಿನಲ್ಲಿ ಕೂಡಿದವು. ಅದನ್ನು ಸರಿದೂಗಿಸುವ ದಾರಿ ಬೇರೆಯವರಿಗೆ ಇರಲಿಲ್ಲ. ಯಾರು ಗೆಲ್ಲುತ್ತಾರೆಂದು ಮೊದಲೇ ಗೊತ್ತಿರುವ ಪಂದ್ಯಕ್ಕೆ ಎಷ್ಟು ಸಲ ಟಿಕೆಟ್ ಕೊಳ್ಳಲಾದೀತು?

1976ರಲ್ಲಿ ಸರಿಸಮಾನ ಎದುರಾಳಿ ಸಿಕ್ಕಿತು. ಆ ವರ್ಷವಷ್ಟೇ ಹುಟ್ಟಿದ ಓಕ್ಲಹಾಮಾ ಸಿಟಿ ಡಾಲ್ಸ್ ತಂಡ ಟ್ರೂಪರ್ಸ್ ಅನ್ನು 14-8ರಿಂದ ಸೋಲಿಸಿತು. ಐದು ವರ್ಷ ಸೋಲೇ ಕಾಣದಿದ್ದ ತಂಡಕ್ಕೆ ಮೊದಲ ಸೋಲು. ಡಾಲ್ಸ್ ಆ ಸೀಸನ್ನನ್ನು ಒಂದೂ ಪಂದ್ಯ ಸೋಲದೆ ಮುಗಿಸಿತು. ಆದರೂ 1971ರಿಂದ 1977ರವರೆಗೆ ಸತತ ಏಳು ಪ್ರಶಸ್ತಿಗಳನ್ನು ಟ್ರೂಪರ್ಸ್ ತನ್ನದೆಂದು ಎಣಿಸುತ್ತದೆ. ಇದರಲ್ಲಿ ಮೋಸವೇನೂ ಇಲ್ಲ. ದೇಶದ ಎರಡು ಕಡೆಯ ತಂಡಗಳನ್ನು ಒಂದೆಡೆ ಸೇರಿಸಿ, ಎಲ್ಲರೂ ಒಪ್ಪುವ ಫೈನಲ್ ನಡೆಸುವಷ್ಟು ದುಡ್ಡು ಲೀಗಿನ ಬಳಿ ಇರಲಿಲ್ಲ, ಅಷ್ಟೇ. ಈಗ ಯೋಚಿಸಿದರೆ ಡಾಲ್ಸ್ ಮತ್ತು ಟ್ರೂಪರ್ಸ್ ಪೈಪೋಟಿಯೇ ಆ ಲೀಗಿಗೆ ಸಿಕ್ಕಿದ್ದ ದೊಡ್ಡ ಆಸ್ತಿ. ಪ್ರತಿ ವರ್ಷ ಆ ಎರಡು ತಂಡಗಳು ಟಿವಿಯಲ್ಲಿ ಮುಖಾಮುಖಿಯಾಗಿದ್ದರೆ ಕಥೆ ಬೇರೆಯಾಗುತ್ತಿತ್ತು ಎಂದೇ ನನ್ನ ನಂಬಿಕೆ.

1979ಕ್ಕೆ ಟ್ರೂಪರ್ಸ್ ಮುಗಿಯಿತು. ಡಾಲ್ಸ್, ಹೆರಿಕೇನ್ಸ್ ಕೂಡ ಅದೇ ಹೊತ್ತಿಗೆ ನಿಂತವು. ಬೆಲೆಯೇರಿಕೆಯ ಕಾಲ ಅದು. ಪೆಟ್ರೋಲು ತುಟ್ಟಿ, ಟೊಲೆಡೊದಂಥ ಊರುಗಳ ಕಾರ್ಖಾನೆಗಳಿಗೆ ಕೆಟ್ಟ ದಿನಗಳು. ಬಸ್ಸಿನ ಖರ್ಚು ನೋಡಿ ಬದುಕುವ ತಂಡಗಳಿಗೆ ಇದನ್ನು ತಡೆದುಕೊಳ್ಳುವ ಶಕ್ತಿ ಇರಲಿಲ್ಲ. ಕೊಲಂಬಸ್‌ನಂಥ ಒಂದೆರಡು ತಂಡಗಳು ಮತ್ತಷ್ಟು ವರ್ಷ ಎಳೆದವು, 1980ರ ದಶಕದ ಕೊನೆಯ ಹೊತ್ತಿಗೆ ಲೀಗ್ ಹೆಸರಿಗೂ ಉಳಿಯಲಿಲ್ಲ.

ಹೆಂಗಸರ ಫುಟ್‌ಬಾಲ್ ನೋಡಲು ಜನರಿಗೆ ಇಷ್ಟವಿರಲಿಲ್ಲ, ಅದಕ್ಕೇ ಮುಚ್ಚಿತು ಎಂಬ ಮಾತು ಅಂದಿನಿಂದ ಇಂದಿನವರೆಗೆ ಚಾಲ್ತಿಯಲ್ಲಿದೆ. ಈ ಮಾತನ್ನು ಗಂಡಸರ ಆಟದ ಇತಿಹಾಸದ ಎದುರು ಇಟ್ಟು ನೋಡಬೇಕು. ಅದೇ 1974ರಲ್ಲಿ ವರ್ಲ್ಡ್ ಫುಟ್‌ಬಾಲ್ ಲೀಗ್ ಎಂಬ ಗಂಡಸರ ಲೀಗ್ ಶುರುವಾಯಿತು. ಎನ್‌ಎಫ್‌ಎಲ್‌ನ ತಾರೆಯರನ್ನೇ ಲಕ್ಷಾಂತರ ಡಾಲರ್ ಕೊಟ್ಟು ಸೆಳೆಯಿತು. ಎರಡನೇ ಸೀಸನ್ನಿನ ಅರ್ಧಕ್ಕೇ, 1975ರ ಅಕ್ಟೋಬರ್‌ನಲ್ಲಿ, ದಿವಾಳಿಯಾಗಿ ಮುಚ್ಚಿತು. 25 ಡಾಲರಿನ ಹೆಂಗಸರ ಲೀಗ್ ಅದಕ್ಕಿಂತ ಎಷ್ಟೋ ಹೆಚ್ಚು ಕಾಲ ಬದುಕಿತು. ಇನ್ನೂ ಹಿಂದೆ ಹೋದರೆ, 1920ರಲ್ಲಿ ಎನ್‌ಎಫ್‌ಎಲ್‌ನ ಮೊದಲ ಸೀಸನ್ ಆಡಿದ ಹದಿನಾಲ್ಕು ತಂಡಗಳಲ್ಲಿ ಇಂದಿಗೆ ಉಳಿದಿರುವುದು ಎರಡೇ, ಈಗಿನ ಶಿಕಾಗೊ ಬೇರ್ಸ್ ಮತ್ತು ಅರಿಜೋನಾ ಕಾರ್ಡಿನಲ್ಸ್. ಲೀಗ್ ಹುಟ್ಟಿದ ಕ್ಯಾಂಟನ್ ಊರಿನ ತಂಡವೇ ಉಳಿಯಲಿಲ್ಲ. ಆಮೇಲೆ ಲೀಗ್ ಸೇರಿದ ಗ್ರೀನ್ ಬೇ ಪ್ಯಾಕರ್ಸ್ ತಂಡ ಉಳಿದದ್ದು 1923ರಲ್ಲಿ ಊರಿನ ಜನರೇ ಷೇರು ಕೊಂಡು ದುಡ್ಡು ಹಾಕಿದ್ದರಿಂದ. ಮೊದಲ ಇಪ್ಪತ್ತು ವರ್ಷ ತಂಡಗಳು ಹುಟ್ಟಿ ಸಾಯುವುದು ಗಂಡಸರ ಲೀಗಿನಲ್ಲೂ ಮಾಮೂಲು. ವ್ಯತ್ಯಾಸ ಏನೆಂದರೆ, ಆ ಲೀಗಿಗೆ ಕಾಲೇಜುಗಳಿಂದ ಪ್ರತಿ ವರ್ಷ ತಯಾರಾದ ಆಟಗಾರರು ಬರುತ್ತಿದ್ದರು. ಆಮೇಲೆ ಟಿವಿ ಬಂತು. 1961ರಲ್ಲಿ ಅಮೆರಿಕದ ಸಂಸತ್ತು ಕಾನೂನನ್ನೇ ತಂದು, ಎಲ್ಲ ತಂಡಗಳ ಪ್ರಸಾರ ಹಕ್ಕನ್ನು ಒಟ್ಟಾಗಿ ಮಾರಿ ಹಂಚಿಕೊಳ್ಳಲು ಲೀಗಿಗೆ ಅನುವು ಮಾಡಿಕೊಟ್ಟಿತು. ಹೀಗೆ ಆಟಗಾರರನ್ನು ತಯಾರಿಸಿ ಕೊಟ್ಟವರು ಒಬ್ಬರು, ದುಡ್ಡಿನ ದಾರಿ ಮಾಡಿಕೊಟ್ಟವರು ಇನ್ನೊಬ್ಬರು. ಟ್ರೂಪರ್ಸ್‌ಗೆ ಎರಡೂ ಇರಲಿಲ್ಲ.

ಶಾಲೆಗಳ ವಿಷಯ ಇನ್ನೂ ತೊಡಕಿನದು. 1972ರಲ್ಲಿ ಬಂದ ಟೈಟಲ್ ನೈನ್ ಕಾನೂನು ಅಮೆರಿಕದ ಹೆಣ್ಣುಮಕ್ಕಳ ಕ್ರೀಡೆಯ ಬಾಗಿಲು ತೆರೆಯಿತು, ನಿಜ. ಸರ್ಕಾರದ ನೆರವು ಪಡೆಯುವ ಶಾಲೆ ಕಾಲೇಜುಗಳು ಹೆಣ್ಣು ಗಂಡೆಂಬ ಭೇದ ಮಾಡುವಂತಿಲ್ಲ ಎಂದಿತು. ಆದರೆ 1975ರಲ್ಲಿ ಅದರ ನಿಯಮಗಳು ಹೊರಬಂದಾಗ, ಮೈಗೆ ಮೈ ತಾಗುವ ಆಟಗಳಿಗೆ ವಿನಾಯಿತಿ ಇತ್ತು. ಹುಡುಗರ ತಂಡಕ್ಕೆ ಹುಡುಗಿಯರನ್ನು ಸೇರಿಸಿಕೊಳ್ಳಲೇಬೇಕೆಂದಿಲ್ಲ. ಆ ಪಟ್ಟಿಯಲ್ಲಿ ಬಾಸ್ಕೆಟ್‌ಬಾಲ್ ಕೂಡ ಇತ್ತು, ಆದರೆ ಅದಕ್ಕೆ ಹುಡುಗಿಯರದೇ ತಂಡ ಕಟ್ಟಿದರು. ಫುಟ್‌ಬಾಲ್‌ಗೆ ಯಾರೂ ಕಟ್ಟಲಿಲ್ಲ. 1974ರಲ್ಲಿ ಕ್ಲೀವ್‌ಲ್ಯಾಂಡ್‌ನ ಹನ್ನೆರಡು ವರ್ಷದ ಹುಡುಗಿಯೊಬ್ಬಳು ತನ್ನ ಬಡಾವಣೆಯ ಮಕ್ಕಳ ಫುಟ್‌ಬಾಲ್ ತಂಡದಲ್ಲಿ ಆಡಲು ಫೆಡರಲ್ ಕೋರ್ಟಿಗೆ ಹೋಗಬೇಕಾಯಿತು. ಕೋರ್ಟು ಅವಳ ಪರವಾಗಿ ಆದೇಶ ಕೊಟ್ಟಿತು. ಅದೇ ರಾಜ್ಯದಲ್ಲಿ ಅದೇ ವರ್ಷ ಜೆಫರ್ಸನ್ ಯಾರ್ಡ್ ಮೇಲೆ ಯಾರ್ಡ್ ಓಡುತ್ತಿದ್ದರು ಎಂಬುದನ್ನು ನೆನೆದರೆ ಮನಸ್ಸಿಗೆ ನೋವಾಗುತ್ತದೆ. ಆಡಬಲ್ಲ ಹೆಂಗಸರಿದ್ದರು, ಆಡಬೇಕೆಂಬ ಹುಡುಗಿಯರಿದ್ದರು, ನಡುವಿನ ಮೆಟ್ಟಿಲು ಇರಲಿಲ್ಲ. 1980ರ ದಶಕ ಬಂದಾಗ ಗಟ್ಟಿಮುಟ್ಟಾದ, ಚುರುಕಾದ ಹುಡುಗಿಯರಿಗೆ ಬಾಸ್ಕೆಟ್‌ಬಾಲ್, ವಾಲಿಬಾಲ್, ಸಾಫ್ಟ್‌ಬಾಲ್‌ನಲ್ಲಿ ಕಾಲೇಜಿನ ಸ್ಕಾಲರ್‌ಶಿಪ್ ಸಿಗತೊಡಗಿತು. ಅವರು ಅತ್ತ ಹೋದರು. ಹೋಗಲೇಬೇಕಿತ್ತು.

ಆ ಹೆಂಗಸರು ಯಾವ ಸಮಾಜದಲ್ಲಿ ಆಡಿದರು ಎಂಬುದನ್ನೂ ಬಿಡುವಂತಿಲ್ಲ. ಮದುವೆಯಾದ ಹೆಂಗಸು ಗಂಡನ ಸಹಿ ಇಲ್ಲದೆ ಸಾಲ ಕೇಳಿದರೆ ಬ್ಯಾಂಕು ನಿರಾಕರಿಸುವುದನ್ನು ಕಾನೂನು ತಡೆದದ್ದೇ 1974ರಲ್ಲಿ, ಲೀಗ್ ಹುಟ್ಟಿದ ವರ್ಷ. ಲೀಗಿನ ಆಟಗಾರ್ತಿಯರಲ್ಲಿ ಅನೇಕರು ಸಲಿಂಗಪ್ರೇಮಿಗಳು. ಅದು ಬಯಲಾದರೆ ಕೆಲಸ ಹೋಗುವ, ಮನೆಯವರು ದೂರವಾಗುವ ಕಾಲ. ತಂಡದೊಳಗೆ ಒಬ್ಬರಿಗೊಬ್ಬರು ಆಸರೆಯಾದರು, ಹೊರಗೆ ಮೌನವಾಗಿದ್ದರು. ಪತ್ರಕರ್ತರು ಬಂದರೆ ಆಟದ ತಂತ್ರಕ್ಕಿಂತ ಹೆಚ್ಚಾಗಿ ಗಂಡ, ಮಕ್ಕಳು, ಅಂದಚೆಂದದ ಬಗ್ಗೆಯೇ ಕೇಳುತ್ತಿದ್ದರು. ಗೆದ್ದ ಸುದ್ದಿಗಿಂತ ಅವರು ಹೆಂಗಸರು ಎಂಬುದೇ ಸುದ್ದಿ. ಇಂಥ ಕುತೂಹಲ ಒಂದೆರಡು ವರ್ಷ ಇರುತ್ತದೆ, ಆಮೇಲೆ ಆರುತ್ತದೆ. ಅದರ ಮೇಲೆ ಲೀಗ್ ಕಟ್ಟಲಾಗುವುದಿಲ್ಲ.

ಆಮೇಲಿನ ಚರಿತ್ರೆ ಹಳೆಯದನ್ನೇ ಮತ್ತೆ ನೆನಪಿಸುತ್ತದೆ. 1999ರಲ್ಲಿ ಮಿನೆಸೋಟಾದಲ್ಲಿ ಹೊಸ ಅಲೆ ಎದ್ದಿತು. ಆಗ ಹುಟ್ಟಿದ ಮಿನೆಸೋಟಾ ವಿಕ್ಸೆನ್ ತಂಡ ಇಂದಿಗೂ ಆಡುತ್ತಿದೆ. 2009ರಲ್ಲಿ ಎರಡು ಲೀಗ್‌ಗಳು ಒಟ್ಟಿಗೇ ಶುರುವಾದವು. ಒಂದು, ಪೂರ್ತಿ ಹೆಲ್ಮೆಟ್ಟು ಪ್ಯಾಡುಗಳಲ್ಲಿ ನಿಯಮಬದ್ಧವಾಗಿ ಆಡುವ ವಿಮೆನ್ಸ್ ಫುಟ್‌ಬಾಲ್ ಅಲಯನ್ಸ್. ಇನ್ನೊಂದು, ಒಳಉಡುಪಿನಂಥ ತುಂಡುಬಟ್ಟೆಯಲ್ಲಿ ಆಡಿಸುವ ಲಿಂಗರಿ ಫುಟ್‌ಬಾಲ್ ಲೀಗ್. ಟಿವಿ ಚಾನೆಲ್ ಮೊದಲು ಯಾರ ಬಳಿ ಹೋಯಿತು ಎಂದು ಬೇರೆ ಹೇಳಬೇಕಿಲ್ಲ. ತುಂಡುಬಟ್ಟೆಯ ಲೀಗಿನ ಆಟಗಾರ್ತಿಯರನ್ನು ನಾನು ದೂರುವುದಿಲ್ಲ, ಅವರಲ್ಲೂ ಒಳ್ಳೆಯ ಕ್ರೀಡಾಪಟುಗಳಿದ್ದರು. ದೂರಬೇಕಾದದ್ದು, ಫ್ರೀಡ್‌ಮನ್ ಅವರ ಯೋಚನೆಗಿಂತ ಒಂದು ಹೆಜ್ಜೆಯೂ ಮುಂದೆ ಬಾರದ ಮಾರುಕಟ್ಟೆಯನ್ನು.

ಟ್ರೂಪರ್ಸ್ ಬಿಟ್ಟುಹೋದದ್ದು ಪೂರ್ತಿ ಅಳಿದಿಲ್ಲ. ಆ ತಂಡದಲ್ಲಿ ಆಡಿದ್ದ ಮಿಚಿ ಕಲೆಟ್ ಮುಂದೆ ಟೊಲೆಡೊ ರೇನ್ ಎಂಬ ತಂಡ ಕಟ್ಟಿ ಊರಿನ ಮುಂದಿನ ಪೀಳಿಗೆಗೆ ಆಟ ದಾಟಿಸಿದರು. ಜೆಫರ್ಸನ್ 2002ರಲ್ಲಿ ಅಮೆರಿಕನ್ ಫುಟ್‌ಬಾಲ್ ಅಸೋಸಿಯೇಷನ್‌ನ ಗೌರವ ಪಟ್ಟಿ ಸೇರಿದರು. ಅದು ಅರೆವೃತ್ತಿಪರ ಆಟದ ಗೌರವ. ಕ್ಯಾಂಟನ್‌ನ ಮುಖ್ಯ ಹಾಲ್ ಆಫ್ ಫೇಮ್‌ನ ಕಂಚಿನ ಪ್ರತಿಮೆಗಳ ಸಾಲಿನಲ್ಲಿ ಅವರಿಲ್ಲ. ವಿಮೆನ್ಸ್ ಫುಟ್‌ಬಾಲ್ ಅಲಯನ್ಸ್ 2021ರಿಂದ ಹಲವು ವರ್ಷ ತನ್ನ ಫೈನಲ್ ಆಡಿದ್ದು ಅದೇ ಹಾಲ್ ಆಫ್ ಫೇಮ್‌ನ ಅಂಗಳದ ಕ್ರೀಡಾಂಗಣದಲ್ಲಿ.

ಇನ್ನು ಫ್ಲ್ಯಾಗ್. 2021ರಿಂದ ಅಮೆರಿಕದ ಸಣ್ಣ ಕಾಲೇಜುಗಳ ಕ್ರೀಡಾ ಸಂಘಟನೆ ಎನ್‌ಎಐಎ ಹೆಣ್ಣುಮಕ್ಕಳ ಫ್ಲ್ಯಾಗ್ ಪಂದ್ಯಾವಳಿ ನಡೆಸುತ್ತಿದೆ, ಅದಕ್ಕೆ ಸ್ಕಾಲರ್‌ಶಿಪ್ ಸಿಗುತ್ತಿದೆ. ಒಂದೊಂದೇ ರಾಜ್ಯದಲ್ಲಿ ಪ್ರೌಢಶಾಲೆಗಳು ಅದನ್ನು ಅಧಿಕೃತ ಕ್ರೀಡೆಯಾಗಿಸುತ್ತಿವೆ. 2022ರ ವರ್ಲ್ಡ್ ಗೇಮ್ಸ್ ಎಂಬ ಅಂತರರಾಷ್ಟ್ರೀಯ ಕ್ರೀಡಾಕೂಟದ ಫ್ಲ್ಯಾಗ್ ಫೈನಲ್‌ನಲ್ಲಿ ಅಮೆರಿಕದ ನೆಲದಲ್ಲೇ ಅಮೆರಿಕದ ಹೆಂಗಸರನ್ನು ಮೆಕ್ಸಿಕೊ 39-6ರಿಂದ ಸೋಲಿಸಿತು. ಅಂದರೆ ಪೈಪೋಟಿಯೂ ಇದೆ, ಅದೂ ದೇಶದೇಶಗಳ ನಡುವೆ. ಟ್ರೂಪರ್ಸ್‌ಗೆ ಏನೇನು ಇರಲಿಲ್ಲವೋ ಅದನ್ನೆಲ್ಲ ಫ್ಲ್ಯಾಗ್‌ಗೆ ಒಂದೊಂದಾಗಿ ಜೋಡಿಸುತ್ತಿದ್ದಾರೆ, ಇದು ಸಂತೋಷದ ಸಂಗತಿಯೇ. ಶಾಲೆಗಳಿಗೆ ಖರ್ಚು ಕಡಿಮೆ, ತಲೆಗೆ ಪೆಟ್ಟು ಬೀಳುವ ಭಯ ಕಡಿಮೆ, ಅಪ್ಪ ಅಮ್ಮ ಒಪ್ಪುತ್ತಾರೆ.

ನನ್ನ ತಕರಾರು ಒಂದೇ. ಹುಡುಗರಿಗೆ ಎರಡೂ ಆಟ, ಹುಡುಗಿಯರಿಗೆ ಫ್ಲ್ಯಾಗ್ ಮಾತ್ರ ಎಂದು ಗೆರೆ ಎಳೆದಂತಾಗುತ್ತಿದೆ. ವರ್ಷಕ್ಕೆ 2,000 ಕೋಟಿ ಡಾಲರಿಗೂ ಮಿಕ್ಕಿದ ಆದಾಯದ ಎನ್‌ಎಫ್‌ಎಲ್, ಹೆಂಗಸರ ಫುಟ್‌ಬಾಲ್ ಎಂದಾಗಲೆಲ್ಲ ಫ್ಲ್ಯಾಗ್ ಅನ್ನೇ ಮುಂದಿಡುತ್ತದೆ. ಹೆಲ್ಮೆಟ್ಟು ಹಾಕಿ ಆಡುವ ಹೆಂಗಸರಲ್ಲಿ ಹೆಚ್ಚಿನವರಿಗೆ ಇಂದಿಗೂ ಸಂಬಳವಿಲ್ಲ. ತಂಡಕ್ಕೆ ಶುಲ್ಕ ಕಟ್ಟಿ, ಪ್ಯಾಡು ಕೊಂಡು, ಕೆಲಸಕ್ಕೆ ರಜೆ ಹಾಕಿ, ಬಸ್ಸಿನ ಖರ್ಚನ್ನು ಹಂಚಿಕೊಂಡು ಆಡುತ್ತಾರೆ. ಟ್ರೂಪರ್ಸ್‌ನವರಿಗೆ 25 ಡಾಲರಾದರೂ ಗೊತ್ತಾಗಿತ್ತು. ಆ ಲೆಕ್ಕದಲ್ಲಿ ಪೂರ್ತಿ ಆಟದ ಹೆಂಗಸರು 1976ಕ್ಕಿಂತ ಹಿಂದಿದ್ದಾರೆ.